ಜಗತ್ತು ಬದಲಾಗುತ್ತಿರುವಾಗ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವುದು ಹೇಗೆ?

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಸ್ನಾತಕೋತ್ತರ ಪದವಿ ಮಾಡಲು ಹೊರಟವರನ್ನು ಈಗ ಕಾಡುವ ಪ್ರಶ್ನೆ ಒಂದಿದೆ: ಓದಿ ಮುಗಿಸುವ ಹೊತ್ತಿಗೆ ಓದಿದ್ದರಲ್ಲಿ ಎಷ್ಟು ಉಳಿದಿರುತ್ತದೆ? ಈ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ದೇಶದೇಶಗಳ ವ್ಯಾಪಾರ ತಕರಾರುಗಳಿಗೆ ಕೊನೆಯ ತೀರ್ಪು ಕೊಡುತ್ತಿದ್ದ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡ ನಿಂತದ್ದರಿಂದ 2019ರ ಡಿಸೆಂಬರ್‌ನಿಂದ ಕೆಲಸವನ್ನೇ ಮಾಡುತ್ತಿಲ್ಲ. ನೆಲದಿಂದ ಹಾರಿಸುವ, 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ ಕ್ಷಿಪಣಿಗಳನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಕೈಬಿಡುವಂತೆ ಮಾಡಿದ್ದ 1987ರ ಒಪ್ಪಂದ ಅದೇ 2019ರ ಆಗಸ್ಟ್‌ನಲ್ಲಿ ಕೊನೆಗೊಂಡಿತು. 2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ವಿದೇಶಿ ನೆರವಿನ ಕ್ಷೇತ್ರದಲ್ಲಿ ಕೆಲಸ ಹುಡುಕುವವರ ದೊಡ್ಡ ಭರವಸೆಯಾಗಿದ್ದ, 1961ರಲ್ಲಿ ಸ್ಥಾಪನೆಯಾದ ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ಪಠ್ಯಪುಸ್ತಕದಲ್ಲಿ ವರ್ತಮಾನ ಕಾಲದಲ್ಲಿದ್ದ ವಾಕ್ಯಗಳು ಒಂದೊಂದಾಗಿ ಭೂತಕಾಲಕ್ಕೆ ಸರಿಯುತ್ತಿವೆ.

ಹೀಗಿರುವಾಗ ಹೆಚ್ಚಿನವರಿಗೆ ಮೊದಲು ಹೊಳೆಯುವ ಪರಿಹಾರ, ಇನ್ನೂ ಹೊಸದನ್ನು, ಇನ್ನೂ ಬೇಗ ಓದುವುದು. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಜಗತ್ತು ಬೇಗ ಬದಲಾಗುತ್ತಿರುವ ಕಾಲದಲ್ಲಿ ಬೆಲೆ ಬರುವುದು ನಿಧಾನವಾಗಿ ಮಾತ್ರ ಕಲಿಯಬಹುದಾದ ವಿದ್ಯೆಗಳಿಗೆ: ಒಂದು ಪ್ರದೇಶದ ಚರಿತ್ರೆ, ಅಲ್ಲಿನ ಭಾಷೆ, ಸಾಕ್ಷ್ಯವನ್ನು ತೂಗಿ ನೋಡುವ ವಿಧಾನ, ಒಪ್ಪಂದವನ್ನು ಕಲಮು ಕಲಮಾಗಿ ಓದುವ ತಾಳ್ಮೆ. ಇಂದಿನ ಸುದ್ದಿ ಯಾರಿಗಾದರೂ ಫೋನಿನಲ್ಲಿ ಸಿಗುತ್ತದೆ. ಆ ಸುದ್ದಿಯಲ್ಲಿ ಹೊಸತೇನು, ಹಳೆಯದೇನು ಎಂದು ಬೇರ್ಪಡಿಸುವ ಶಕ್ತಿ ಅಲ್ಲಿ ಸಿಗುವುದಿಲ್ಲ.

ಮುರಿದ ಹೊತ್ತಿನಲ್ಲೇ ಹುಟ್ಟಿದ ವಿಷಯ

ಈ ಶಾಸ್ತ್ರ ಹುಟ್ಟಿದ್ದೇ ಒಂದು ವ್ಯವಸ್ಥೆ ಕುಸಿದುಬಿದ್ದ ಕಾಲದಲ್ಲಿ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್ ಎಂಬ ಕಡಲತೀರದ ಊರಿನ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ ಆರಂಭವಾಯಿತು. ಹಣ ಕೊಟ್ಟವರು ಡೇವಿಡ್ ಡೇವಿಸ್ ಮತ್ತು ಅವರ ಸಹೋದರಿಯರು. ಪೀಠಕ್ಕೆ ಇಟ್ಟ ಹೆಸರು ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಅವರದು. ಕಾನೂನು, ಸಂಸ್ಥೆ, ಸಾರ್ವಜನಿಕ ಅಭಿಪ್ರಾಯ ಇವುಗಳ ಬಲದಿಂದ ಯುದ್ಧವನ್ನು ತಡೆಯಬಹುದು ಎಂಬ ನಂಬಿಕೆ ಆ ಹೆಸರಿನ ಹಿಂದಿತ್ತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ರಾಷ್ಟ್ರ ಸಂಘ ಕೈಲಾಗದೆ ಕುಳಿತಿತು, ಎರಡನೆಯ ಯುದ್ಧ ಬಂತು. ಆ ನಂಬಿಕೆಯ ಮೇಲೆ ಅತ್ಯಂತ ಹರಿತವಾದ ಟೀಕೆ ಬರೆದ ಇ. ಎಚ್. ಕಾರ್ 1936ರಿಂದ ಅದೇ ವಿಲ್ಸನ್ ಪೀಠದಲ್ಲಿದ್ದವರು. ಅವರ ಪುಸ್ತಕ ಹೊರಬಂದದ್ದು ಯುದ್ಧ ಶುರುವಾದ 1939ರಲ್ಲಿ. ನಾಜಿ ಕಾಲದ ಯುರೋಪನ್ನು ತೊರೆದು ಅಮೆರಿಕ ಸೇರಿದ ಕಾನೂನು ಪಂಡಿತ ಹ್ಯಾನ್ಸ್ ಮಾರ್ಗೆಂಥೋ 1948ರಲ್ಲಿ, ರಾಜಕೀಯವೆಂದರೆ ಶಕ್ತಿಗಾಗಿ ನಡೆಯುವ ಹೋರಾಟ ಎಂಬ ವಾದವನ್ನು ವಾಸ್ತವವಾದವೆಂಬ ಹೆಸರಿನಲ್ಲಿ ಗಟ್ಟಿಗೊಳಿಸಿದರು.

1991ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಸೋವಿಯತ್ ಒಕ್ಕೂಟ ಯುದ್ಧವಿಲ್ಲದೆ ಕರಗಿಹೋದಾಗ, ನಾಲ್ಕು ದಶಕಗಳಿಂದ ಎರಡು ಮಹಾಶಕ್ತಿಗಳ ಪೈಪೋಟಿಯನ್ನೇ ಅಧ್ಯಯನ ಮಾಡಿದ್ದ ಪಂಡಿತರಲ್ಲಿ ಹೆಚ್ಚಿನವರು ಅದನ್ನು ನಿರೀಕ್ಷಿಸಿಯೇ ಇರಲಿಲ್ಲ. ಶಕ್ತಿಯ ಲೆಕ್ಕಾಚಾರವಷ್ಟೇ ಸಾಲದು, ದೇಶಗಳು ತಮ್ಮನ್ನು ತಾವು ಏನೆಂದು ತಿಳಿದುಕೊಂಡಿವೆ ಎಂಬುದೂ ಮುಖ್ಯ ಎನ್ನುವ ರಚನಾವಾದಕ್ಕೆ ಆಮೇಲೆ ಜಾಗ ಸಿಕ್ಕಿತು. ಅಲೆಕ್ಸಾಂಡರ್ ವೆಂಡ್ಟ್ 1992ರಲ್ಲಿ ಮಂಡಿಸಿದ ವಾದದ ತಿರುಳು ಇದು: ದೇಶಗಳ ಮೇಲೊಂದು ಸರ್ಕಾರವಿಲ್ಲ ಎಂಬ ಸ್ಥಿತಿ ತಾನಾಗಿಯೇ ಜಗಳ ತರುವುದಿಲ್ಲ, ಅದನ್ನು ಜಗಳವಾಗಿಸುವುದೂ ಸಹಕಾರವಾಗಿಸುವುದೂ ದೇಶಗಳೇ. ಈಗಿನ ಅಲುಗಾಟ ಈ ವಿಷಯಕ್ಕೆ ಬಂದ ಮೊದಲ ಗಂಡಾಂತರವಲ್ಲ. ಪ್ರತಿ ಸಲವೂ ಒಂದಿಷ್ಟು ಸಿದ್ಧಾಂತ ಬಿದ್ದುಹೋಗಿದೆ, ಪ್ರಶ್ನೆಗಳು ಉಳಿದಿವೆ.

ಸಿದ್ಧಾಂತ ಓದುವುದು ಏಕೆ

ಪದವಿ ಹಂತದಲ್ಲಿ ವಾಸ್ತವವಾದ, ಉದಾರವಾದ (ಕಾನೂನು, ಸಂಸ್ಥೆ, ವ್ಯಾಪಾರಗಳು ಯುದ್ಧವನ್ನು ತಡೆಯಬಲ್ಲವು ಎಂಬ ವಾದ), ರಚನಾವಾದ ಎಂದು ಮೂರು ತಲೆಬರಹ ಹಾಕಿ ಲಕ್ಷಣಗಳನ್ನು ಬರೆದರೆ ಅಂಕ ಬರುತ್ತದೆ. ಸ್ನಾತಕೋತ್ತರ ಹಂತದಲ್ಲಿ ಅಷ್ಟಕ್ಕೆ ಬೆಲೆಯಿಲ್ಲ. ಸೆಮಿನಾರ್ ಕೋಣೆಯಲ್ಲಿ ಕೇಳುವುದು ಬೇರೆಯದೇ ಪ್ರಶ್ನೆಗಳು. ಈ ವಾದ ಸರಿಯಾಗಿದ್ದರೆ ಜಗತ್ತಿನಲ್ಲಿ ನಮಗೆ ಏನು ಕಾಣಬೇಕಿತ್ತು? ಕಾಣದಿದ್ದರೆ ವಾದವನ್ನು ಬಿಡಬೇಕೋ ತಿದ್ದಬೇಕೋ? ವಾರಕ್ಕೆ ನೂರಾರು ಪುಟ ಓದಿಸುವುದೂ ಇದಕ್ಕಾಗಿಯೇ. ಆ ಪುಟಗಳೆಲ್ಲ ನೆನಪಿನಲ್ಲಿ ಉಳಿಯಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಬರೆದವರು ಎಲ್ಲಿ ಸಾಕ್ಷ್ಯ ಕೊಟ್ಟಿದ್ದಾರೆ, ಎಲ್ಲಿ ಜಾಣತನದಿಂದ ದಾಟಿಕೊಂಡಿದ್ದಾರೆ ಎಂದು ಗುರುತಿಸುವ ಅಭ್ಯಾಸ ಬರಬೇಕು.

ಉಕ್ರೇನ್ ಯುದ್ಧವನ್ನೇ ತೆಗೆದುಕೊಳ್ಳೋಣ. ಕೆನೆತ್ ವಾಲ್ಟ್ಜ್ 1959ರಲ್ಲಿ, ಯುದ್ಧದ ಕಾರಣಗಳನ್ನು ಮೂರು ಮಟ್ಟಗಳಲ್ಲಿ ಹುಡುಕಬಹುದು ಎಂದು ತೋರಿಸಿದರು: ಮನುಷ್ಯರ ಸ್ವಭಾವದಲ್ಲಿ, ದೇಶದ ಒಳಗಿನ ರಚನೆಯಲ್ಲಿ, ದೇಶಗಳ ನಡುವಿನ ವ್ಯವಸ್ಥೆಯಲ್ಲಿ. ವ್ಯವಸ್ಥೆಯ ಮಟ್ಟದಿಂದ ನೋಡುವ, ಅಮೆರಿಕದ ವಾಸ್ತವವಾದಿ ಪಂಡಿತ ಜಾನ್ ಮಿಯರ್‌ಶೈಮರ್ ಅವರಂಥವರು ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೋದ ವಿಸ್ತರಣೆಯತ್ತ ಬೊಟ್ಟು ಮಾಡುತ್ತಾರೆ. 2008ರ ಬುಕಾರೆಸ್ಟ್ ಶೃಂಗಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ನ್ಯಾಟೋ ಸೇರುತ್ತವೆ ಎಂದು ಘೋಷಿಸಿದ್ದೇ ರಷ್ಯಾವನ್ನು ಕೆರಳಿಸಿತು ಎಂಬುದು ಅವರ ವಾದ. ದೇಶದ ಒಳಗನ್ನು ನೋಡುವವರು ಅಧಿಕಾರ ಒಬ್ಬರ ಕೈಯಲ್ಲೇ ಕೂಡಿಕೊಂಡ, ವಿರೋಧಕ್ಕೆ ಜಾಗವಿಲ್ಲದ ಆಡಳಿತವನ್ನು ಕಾರಣವಾಗಿ ಹೇಳುತ್ತಾರೆ. ವಿಚಾರಗಳ ಶಕ್ತಿಯನ್ನು ನಂಬುವವರು, ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಪುಟಿನ್ 2021ರ ಜುಲೈನಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವನ್ನು ಮುಂದಿಡುತ್ತಾರೆ.

ಇಷ್ಟನ್ನು ಒಳ್ಳೆಯ ಪತ್ರಿಕೆಯೊಂದನ್ನು ಓದಿದವರೂ ಹೇಳಬಲ್ಲರು. ಸ್ನಾತಕೋತ್ತರ ಓದಿನ ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ. ನ್ಯಾಟೋ ವಿಸ್ತರಣೆಯೇ ಕಾರಣವಾಗಿದ್ದರೆ ಫಿನ್ಲೆಂಡಿನ ವಿಷಯದಲ್ಲಿ ಏನಾಗಬೇಕಿತ್ತು? ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಆ ದೇಶ 2023ರ ಏಪ್ರಿಲ್‌ನಲ್ಲಿ ನ್ಯಾಟೋ ಸೇರಿತು. ರಷ್ಯಾ ಖಂಡಿಸಿತು, ಸೇನೆ ನುಗ್ಗಿಸಲಿಲ್ಲ. ಅಲ್ಲಿಗೆ ವಾದ ಬಿದ್ದುಹೋಯಿತೇ? ಆಗಲೇ ರಷ್ಯಾದ ಸೇನೆ ಉಕ್ರೇನಿನಲ್ಲಿ ಸಿಕ್ಕಿಹಾಕಿಕೊಂಡಿತ್ತಲ್ಲ ಎಂದು ಇನ್ನೊಬ್ಬರು ಉತ್ತರಿಸಬಹುದು. ಸರಿ, ಹಾಗಾದರೆ ಈ ಎರಡು ವಿವರಣೆಗಳಲ್ಲಿ ಯಾವುದು ನಿಜವೆಂದು ತಿಳಿಯಲು ಯಾವ ಸಾಕ್ಷ್ಯ ಬೇಕು? 1994ರ ಬುಡಾಪೆಸ್ಟ್ ಒಡಂಬಡಿಕೆಯಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿ ಅಮೆರಿಕ, ಬ್ರಿಟನ್, ರಷ್ಯಾಗಳಿಂದ ಭದ್ರತೆಯ ಭರವಸೆ ಪಡೆದಿತ್ತು. ಅದಕ್ಕೂ ಒಂದು ವರ್ಷ ಮೊದಲೇ, ಉಕ್ರೇನ್ ಅವುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು ಎಂದು ವಾದಿಸಿದ್ದವರು ಇದೇ ಮಿಯರ್‌ಶೈಮರ್. ಒಂದೇ ಸಿದ್ಧಾಂತ ಒಬ್ಬರನ್ನು ಒಂದೆಡೆ ದೂರದೃಷ್ಟಿಯವರನ್ನಾಗಿ ತೋರಿಸಬಹುದು, ಇನ್ನೊಂದೆಡೆ ಏಕಪಕ್ಷೀಯರನ್ನಾಗಿಯೂ ತೋರಿಸಬಹುದು. ಈ ತೊಡಕಿನೊಳಗೆ ಒಂದಷ್ಟು ಹೊತ್ತು ನಿಲ್ಲಲು ಕಲಿತವರಿಗೆ, ಮುಂದೆ ಬೇರೆ ಯಾವ ಯುದ್ಧ ಬಂದರೂ, ಕೇಳಬೇಕಾದ ಪ್ರಶ್ನೆಗಳು ಗೊತ್ತಿರುತ್ತವೆ.

ಹಳೆಯ ಘಟನೆಯೂ ಬದಲಾಗುತ್ತದೆ

ಬದಲಾಗುವುದು ವರ್ತಮಾನ ಮಾತ್ರ ಎಂದುಕೊಳ್ಳುವುದು ತಪ್ಪು. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಗುಟ್ಟಾಗಿ ಅಣ್ವಸ್ತ್ರ ಕ್ಷಿಪಣಿಗಳನ್ನು ಇಟ್ಟದ್ದರಿಂದ ಹುಟ್ಟಿದ, 1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ನೋಡಿ. ಈ ವಿಷಯದ ಬಹುತೇಕ ಎಲ್ಲ ತರಗತಿಗಳಲ್ಲೂ ಅದು ಬರುತ್ತದೆ. ಅಮೆರಿಕದ ಅಧ್ಯಕ್ಷ ಕೆನಡಿ ದೃಢವಾಗಿ ನಿಂತರು, ಸೋವಿಯತ್ ನಾಯಕ ಕ್ರುಶ್ಚೇವ್ ಹಿಂದೆ ಸರಿದರು ಎಂಬುದು ದಶಕಗಳ ಕಾಲ ಹೇಳಿಕೊಂಡು ಬಂದ ಕಥೆ. ಅದರಿಂದ ಎಷ್ಟೋ ಜನ ಕಲಿತ ಪಾಠ, ಗಟ್ಟಿಯಾಗಿ ನಿಂತರೆ ಎದುರಾಳಿ ಮಣಿಯುತ್ತಾನೆ ಎಂಬುದು.

ಆಮೇಲೆ ಕಾಗದಪತ್ರಗಳು ಹೊರಬಂದವು. ಅಕ್ಟೋಬರ್ 27ರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಭೇಟಿಯಾಗಿ, ಟರ್ಕಿಯಲ್ಲಿದ್ದ ಅಮೆರಿಕದ ಜೂಪಿಟರ್ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಭರವಸೆ ಕೊಟ್ಟಿದ್ದರು. ಕೊಡು-ಕೊಳ್ಳುವಿಕೆ ನಡೆದಿತ್ತು, ಹೇಳಿರಲಿಲ್ಲ ಅಷ್ಟೇ. ಅಧ್ಯಕ್ಷ ಕೆನಡಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದ ಸಭೆಗಳ ಟೇಪುಗಳು 1990ರ ದಶಕದಲ್ಲಿ ಪುಸ್ತಕವಾಗಿ ಬಂದವು. 1992ರಲ್ಲಿ ಹವಾನಾದಲ್ಲಿ ನಡೆದ ಸಮ್ಮೇಳನದಲ್ಲಿ, ಬಿಕ್ಕಟ್ಟಿನ ಹೊತ್ತಿಗೆ ಕ್ಯೂಬಾದಲ್ಲಿ ರಣರಂಗದಲ್ಲಿ ಬಳಸುವಂಥ ಸಣ್ಣ ಅಣ್ವಸ್ತ್ರಗಳೂ ಇದ್ದವು ಎಂದು ಸೋವಿಯತ್ ಜನರಲ್ ಒಬ್ಬರು ಹೇಳಿದಾಗ, ಅಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಮೆಕ್‌ನಮಾರಾ ದಂಗಾದರು. ಅಮೆರಿಕ ದ್ವೀಪದ ಮೇಲೆ ದಾಳಿ ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಮೂವತ್ತು ವರ್ಷಗಳ ನಂತರ ಅರಿವಿಗೆ ಬಂತು.

ಗ್ರಹಾಂ ಆಲಿಸನ್ ಈ ಬಿಕ್ಕಟ್ಟಿನ ಬಗ್ಗೆ 1971ರಲ್ಲಿ ಬರೆದ ಪುಸ್ತಕ ಈ ಶಾಸ್ತ್ರದ ಮೈಲಿಗಲ್ಲುಗಳಲ್ಲಿ ಒಂದು. ದೇಶವನ್ನು ಒಂದೇ ತಲೆಯಿಂದ ಯೋಚಿಸುವ ವ್ಯಕ್ತಿಯಂತೆ ನೋಡಿದರೆ ಒಂದು ಉತ್ತರ, ತಮ್ಮತಮ್ಮ ರೂಢಿಗಳಂತೆ ನಡೆಯುವ ಇಲಾಖೆಗಳ ಗುಂಪಾಗಿ ನೋಡಿದರೆ ಇನ್ನೊಂದು ಉತ್ತರ, ಅಧಿಕಾರದಲ್ಲಿರುವವರ ನಡುವಿನ ಚೌಕಾಸಿಯಾಗಿ ನೋಡಿದರೆ ಮೂರನೆಯದು ಎಂದು ಅವರು ತೋರಿಸಿದರು. ಸೋವಿಯತ್ ಸೈನಿಕರು ಅಷ್ಟು ಗುಟ್ಟಿನ ಕಾರ್ಯಾಚರಣೆಯಲ್ಲಿ ಕ್ಷಿಪಣಿ ನೆಲೆಗಳನ್ನು ಸರಿಯಾಗಿ ಮರೆಮಾಚದೆ ಬಿಟ್ಟದ್ದೇಕೆ? ಕುತಂತ್ರವನ್ನು ಹುಡುಕುವವರಿಗೆ ಇದು ಬಿಡಿಸಲಾಗದ ಒಗಟು. ತಮ್ಮ ದೇಶದಲ್ಲಿ ಕಟ್ಟುತ್ತಿದ್ದ ರೂಢಿಯಂತೆಯೇ ಇಲ್ಲೂ ಕಟ್ಟಿದರು ಎಂದು ಇಲಾಖೆಗಳ ನಡವಳಿಕೆಯಿಂದ ನೋಡಿದರೆ ಒಗಟು ಸಡಿಲವಾಗುತ್ತದೆ. ಹೊಸ ದಾಖಲೆಗಳು ಬಂದ ಮೇಲೆ ಆಲಿಸನ್ ಅವರು ಫಿಲಿಪ್ ಜೆಲಿಕೋ ಅವರೊಡಗೂಡಿ 1999ರಲ್ಲಿ ಆ ಪುಸ್ತಕವನ್ನು ಪರಿಷ್ಕರಿಸಿದರು.

ಪತ್ರಾಗಾರದಲ್ಲಿ ಕೂತು ಕೆಲಸ ಮಾಡುವುದನ್ನು ಕಲಿಸುವ ಕೋರ್ಸ್ ಸಿಕ್ಕರೆ ಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕ ದಾಖಲೆಗಳ ಸಂಪುಟಗಳನ್ನು 1861ರಿಂದ ಪ್ರಕಟಿಸುತ್ತ ಬಂದಿದೆ, ಅವು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಯಾವ ದೇಶದಲ್ಲಿದ್ದರೂ ಇಂದು ಸಂಜೆಯೇ ತೆರೆದು ಓದಬಹುದು. ಒಂದು ಎಚ್ಚರಿಕೆ ಮಾತ್ರ ಇರಲಿ: ದಾಖಲೆ ತೆರೆದಿಟ್ಟ ದೇಶಗಳ ದೃಷ್ಟಿಯಿಂದಲೇ ಚರಿತ್ರೆ ಬರೆಯಲ್ಪಡುವ ಅಪಾಯವಿದೆ. ತೆರೆಯದ ಪತ್ರಾಗಾರದ ಮೌನವನ್ನು ಸಾಕ್ಷ್ಯವಿಲ್ಲ ಎಂದು ಓದಬಾರದು.

ಅಂಕಿಸಂಖ್ಯೆಯ ಹಾದಿಗೂ ಇದೇ ಎಚ್ಚರ ಬೇಕು. ಜಗತ್ತಿನಲ್ಲಿ ಈಗ ಎಷ್ಟು ಯುದ್ಧಗಳು ನಡೆಯುತ್ತಿವೆ ಎಂಬುದು ಸರಳ ಪ್ರಶ್ನೆಯಂತೆ ಕಾಣುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸಿಂಗರ್ 1963ರಲ್ಲಿ ಶುರುಮಾಡಿದ ಯೋಜನೆ ಕಾಳಗದಲ್ಲಿ ಕನಿಷ್ಠ 1,000 ಸಾವುಗಳಾದರೆ ಮಾತ್ರ ಯುದ್ಧವೆಂದು ಎಣಿಸುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ದತ್ತಾಂಶದಲ್ಲಿ ವರ್ಷಕ್ಕೆ 25 ಸಾವುಗಳಾದರೆ ಸಶಸ್ತ್ರ ಸಂಘರ್ಷವೆಂದು ದಾಖಲಾಗುತ್ತದೆ. ಎರಡೂ ಪ್ರಾಮಾಣಿಕ ಲೆಕ್ಕಗಳೇ. ಆದರೆ ಜಗತ್ತು ಶಾಂತವಾಗುತ್ತಿದೆ ಅಥವಾ ಹೊತ್ತಿ ಉರಿಯುತ್ತಿದೆ ಎಂಬ ನಕ್ಷೆಯೊಂದನ್ನು ಯಾರಾದರೂ ತೋರಿಸಿದಾಗ, ಗೆರೆಯನ್ನು ಎಲ್ಲಿ ಎಳೆದಿದ್ದಾರೆ ಎಂದು ಮೊದಲು ಕೇಳಬೇಕು. ಒಂದು ಸೆಮಿಸ್ಟರ್ ಸಂಖ್ಯಾಶಾಸ್ತ್ರ ಓದಿದವರಿಗೂ ಇಷ್ಟು ಕೇಳುವ ಧೈರ್ಯ ಬರುತ್ತದೆ. ಗಣಿತಕ್ಕೆ ಹೆದರಿ ಅದನ್ನು ತಪ್ಪಿಸಿಕೊಳ್ಳುವುದು ಬೇಡ.

ನಿಜವಾಗಿ ಹೊಸದು ಯಾವುದು

ಸೇನೆ, ಗಡಿ, ರಾಯಭಾರ ಇವಿಷ್ಟೇ ಈ ವಿಷಯ ಎಂದುಕೊಂಡು ಬರುವವರಿಗೆ ಮೊದಲ ವರ್ಷವೇ ಅಚ್ಚರಿ ಕಾದಿರುತ್ತದೆ. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಬೆಲ್ಜಿಯಂನಲ್ಲಿರುವ ಒಂದು ಸಹಕಾರಿ ಸಂಸ್ಥೆ. ಅದು ಹಣ ಸಾಗಿಸುವುದಿಲ್ಲ, ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಸಂದೇಶ ಸಾಗಿಸುತ್ತದೆ. 2022ರಲ್ಲಿ ರಷ್ಯಾದ ಹಲವು ಬ್ಯಾಂಕುಗಳನ್ನು ಅದರಿಂದ ಹೊರಹಾಕಲಾಯಿತು, ವಿದೇಶಗಳಲ್ಲಿದ್ದ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಆಸ್ತಿಯನ್ನು ತಡೆಹಿಡಿಯಲಾಯಿತು. ಅದರ ಬಹುಪಾಲು ಇದ್ದದ್ದೂ ಬೆಲ್ಜಿಯಂನ ಒಂದು ಸಂಸ್ಥೆಯಲ್ಲೇ. ಅತ್ಯಾಧುನಿಕ ಚಿಪ್ ಮಾಡಲು ಬೇಕಾದ, ಬೆಳಕಿನಿಂದ ಅತಿಸೂಕ್ಷ್ಮ ವಿನ್ಯಾಸ ಮೂಡಿಸುವ ಇಯುವಿ ಲಿಥೋಗ್ರಫಿ ಯಂತ್ರಗಳನ್ನು ಜಗತ್ತಿನಲ್ಲಿ ತಯಾರಿಸುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಚೀನಾದ ಕೈಗೆ ಅಂಥ ಯಂತ್ರಗಳೂ ಚಿಪ್‌ಗಳೂ ಸಿಗದಂತೆ ಅಮೆರಿಕ 2022ರ ಅಕ್ಟೋಬರ್‌ನಲ್ಲಿ ರಫ್ತು ನಿಯಮಗಳನ್ನು ಬಿಗಿಗೊಳಿಸಿತು.

ವ್ಯಾಪಾರ ಹೆಚ್ಚಾದಷ್ಟೂ ದೇಶಗಳು ಒಂದನ್ನೊಂದು ನೆಚ್ಚಿಕೊಳ್ಳುತ್ತವೆ, ಜಗಳ ಕಡಿಮೆಯಾಗುತ್ತದೆ ಎಂದು ಉದಾರವಾದಿಗಳು ಬಹುಕಾಲ ಹೇಳಿದ್ದರು. ಹೆನ್ರಿ ಫ್ಯಾರೆಲ್ ಮತ್ತು ಅಬ್ರಹಾಂ ನ್ಯೂಮನ್ 2019ರಲ್ಲಿ ಅದರ ಇನ್ನೊಂದು ಮುಖ ತೋರಿಸಿದರು: ಜಾಲದ ನಡುಗಂಟು ಯಾರ ಹಿಡಿತದಲ್ಲಿದೆಯೋ ಅವರು ಆ ಅವಲಂಬನೆಯನ್ನೇ ಆಯುಧವಾಗಿಸಬಹುದು. ಈ ಯುದ್ಧದಲ್ಲಿ ಬಂದೂಕು ಹಿಡಿದವರು ಕಾಣುವುದಿಲ್ಲ, ಪರವಾನಗಿ ಪತ್ರಗಳೂ ಬ್ಯಾಂಕ್ ನಿಯಮಗಳೂ ಕಾಣುತ್ತವೆ. ಹೊರಗಿನಿಂದ ಬರುವ ಸರಕನ್ನು ತಯಾರಿಸುವಾಗ ಹೊರಬಿದ್ದ ಕಾರ್ಬನ್ನಿಗೆ ಐರೋಪ್ಯ ಒಕ್ಕೂಟ ಹಾಕುವ ಕಾರ್ಬನ್ ಗಡಿ ಶುಲ್ಕವೂ ಹಾಗೆಯೇ. 2023ರ ಅಕ್ಟೋಬರ್‌ನಲ್ಲಿ ವರದಿ ಸಲ್ಲಿಸುವ ಹಂತ ಶುರುವಾಗಿ, 2026ರ ಜನವರಿಯಿಂದ ಪೂರ್ಣ ರೂಪದಲ್ಲಿ ಜಾರಿಗೆ ಬಂದಿರುವ ಈ ನಿಯಮ ಹವಾಮಾನ ನೀತಿಯೋ, ವ್ಯಾಪಾರದ ತಡೆಗೋಡೆಯೋ? ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ರಫ್ತು ಮಾಡುವ ದೇಶದವರು ಒಂದು ಹೇಳುತ್ತಾರೆ, ಬ್ರಸೆಲ್ಸ್ ಇನ್ನೊಂದು ಹೇಳುತ್ತದೆ. ಅರ್ಥಶಾಸ್ತ್ರ, ಕಾನೂನು, ವಿಜ್ಞಾನ ಮೂರರಲ್ಲೂ ಸ್ವಲ್ಪಸ್ವಲ್ಪ ನೆಲೆ ಇಲ್ಲದಿದ್ದರೆ ಇಂಥ ಪ್ರಶ್ನೆಯ ಹತ್ತಿರವೂ ಹೋಗಲಾಗದು. ಐಚ್ಛಿಕ ಕೋರ್ಸ್ ಆರಿಸುವಾಗ, ಈಗಾಗಲೇ ಗೊತ್ತಿರುವ ವಿಷಯಕ್ಕೆ ಇನ್ನೊಂದು ಪದರ ಸೇರಿಸುವ ಬದಲು ಗೊತ್ತಿಲ್ಲದ ಒಂದನ್ನು ತೆಗೆದುಕೊಳ್ಳುವುದು ಲೇಸು.

ಯಾರ ಜಗತ್ತಿನ ಕಥೆ

ಈ ಶಾಸ್ತ್ರದ ಪಠ್ಯಗಳು ಬಹುಕಾಲ 1648ರ ವೆಸ್ಟ್‌ಫೇಲಿಯಾ ಶಾಂತಿ ಒಪ್ಪಂದದಿಂದ ಶುರುವಾಗಿ, ಎರಡು ಮಹಾಯುದ್ಧಗಳನ್ನು ದಾಟಿ, ಶೀತಲ ಸಮರಕ್ಕೆ ಬಂದು ನಿಲ್ಲುತ್ತಿದ್ದವು. 1945ರ ನಂತರದ ದಶಕಗಳನ್ನು ದೀರ್ಘ ಶಾಂತಿಯ ಕಾಲವೆಂದು ಕರೆದದ್ದೂ ಉಂಟು. ಕೊರಿಯಾದಲ್ಲಿ, ವಿಯೆಟ್ನಾಮಿನಲ್ಲಿ, ಅಂಗೋಲಾದಲ್ಲಿ ಬದುಕಿದವರಿಗೆ ಆ ಹೆಸರು ಹೇಗೆ ಕೇಳಿಸುತ್ತದೆ? 1945ರಲ್ಲಿ 51 ದೇಶಗಳಿದ್ದ ವಿಶ್ವಸಂಸ್ಥೆಯಲ್ಲಿ ಈಗ 193 ಸದಸ್ಯರಿದ್ದಾರೆ. ಸಾಮ್ರಾಜ್ಯಗಳು ಕಳಚಿಬಿದ್ದು ಹೊಸ ದೇಶಗಳು ಹುಟ್ಟಿದ್ದೇ ಇಪ್ಪತ್ತನೆಯ ಶತಮಾನದ ಅತಿದೊಡ್ಡ ಬದಲಾವಣೆ ಎಂದು ವಾದಿಸಲು ಸಾಕಷ್ಟು ಆಧಾರವಿದೆ. ಆದರೂ ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದ್ದ 1955ರ ಬಾಂಡುಂಗ್ ಸಮ್ಮೇಳನಕ್ಕೆ ಎಷ್ಟೋ ಪಠ್ಯಗಳಲ್ಲಿ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಈ ಶಾಸ್ತ್ರ ಅಮೆರಿಕದ ಸಮಾಜ ವಿಜ್ಞಾನವಾಗಿಬಿಟ್ಟಿದೆ ಎಂದು ಸ್ಟ್ಯಾನ್ಲಿ ಹಾಫ್‌ಮನ್ 1977ರಲ್ಲೇ ಬರೆದಿದ್ದರು. ಅಂತರರಾಷ್ಟ್ರೀಯ ಅಧ್ಯಯನ ಸಂಘಕ್ಕೆ ಪಶ್ಚಿಮದ ಹೊರಗಿನಿಂದ ಬಂದ ಮೊದಲ ಅಧ್ಯಕ್ಷರಾದ ಅಮಿತಾವ್ ಆಚಾರ್ಯ 2014ರಲ್ಲಿ, ಜಗತ್ತಿನ ಎಲ್ಲ ಭಾಗಗಳ ಚರಿತ್ರೆಯನ್ನೂ ಚಿಂತನೆಯನ್ನೂ ಒಳಗೊಳ್ಳುವ ಅಧ್ಯಯನಕ್ಕೆ ಕರೆ ಕೊಟ್ಟರು. ಇದರ ಅರ್ಥ ಪ್ರಾಚೀನ ಗ್ರೀಸಿನ ಇತಿಹಾಸಕಾರ ಥ್ಯುಸಿಡಿಡೀಸನನ್ನು ತೆಗೆದು ಆ ಜಾಗದಲ್ಲಿ ಕೌಟಿಲ್ಯನನ್ನು ಕೂರಿಸುವುದಲ್ಲ. ನೆರೆಯ ರಾಜ್ಯ ಸಹಜ ಶತ್ರು, ಅದರಾಚೆಯದು ಸಹಜ ಮಿತ್ರ ಎನ್ನುವ ಮಂಡಲ ಸಿದ್ಧಾಂತವನ್ನೂ ಅದೇ ಕಟ್ಟುನಿಟ್ಟಿನಿಂದ ಪ್ರಶ್ನಿಸಬೇಕು. ಹೆಮ್ಮೆಗಾಗಿ ಓದಿದ ಗ್ರಂಥ ಏನನ್ನೂ ಕಲಿಸುವುದಿಲ್ಲ.

ಇಲ್ಲಿಯೇ ಭಾಷೆಯ ಮಾತು ಬರುತ್ತದೆ. ಇಂಗ್ಲಿಷ್ ಮಾತೃಭಾಷೆಯಾದವರಿಗೆ ಫ್ರೆಂಚ್ ಅಥವಾ ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವಷ್ಟು ಹಿಡಿತ ಬರಲು 600ರಿಂದ 750 ಗಂಟೆಗಳ ಪಾಠ ಬೇಕು, ಅರಬ್ಬಿ, ಚೀನೀ, ಜಪಾನೀ, ಕೊರಿಯನ್ ಭಾಷೆಗಳಿಗೆ ಸುಮಾರು 2,200 ಗಂಟೆ ಬೇಕು ಎಂಬುದು ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜು. ಎರಡು ವರ್ಷದ ಕೋರ್ಸಿನಲ್ಲಿ ಅಷ್ಟು ಗಂಟೆ ಸಿಗುವುದಿಲ್ಲ. ಆದ್ದರಿಂದ ಪ್ರವೇಶ ಪತ್ರ ಬರುವವರೆಗೆ ಕಾಯದೆ ಇಂದೇ ಶುರುಮಾಡಬೇಕು. ಯಂತ್ರಾನುವಾದ ಈಗ ಚೆನ್ನಾಗಿದೆ, ಒಪ್ಪುತ್ತೇನೆ. ಒಂದು ಸರ್ಕಾರಿ ಹೇಳಿಕೆಯಲ್ಲಿ ಏನಿದೆ ಎಂದು ಅದು ಹೇಳುತ್ತದೆ. ಆ ಹೇಳಿಕೆಯಲ್ಲಿ ಎಂದೂ ತಪ್ಪದೆ ಬರುತ್ತಿದ್ದ ಮಾತೊಂದು ಈ ಸಲ ಬಿಟ್ಟುಹೋಗಿದೆ ಎಂಬುದು ಆ ಭಾಷೆಯ ಹೇಳಿಕೆಗಳನ್ನು ವರ್ಷಗಟ್ಟಲೆ ಓದಿದವರ ಕಣ್ಣಿಗೆ ಬೀಳುತ್ತದೆ.

ಯಾವ ಪದವಿ, ಎಷ್ಟು ಖರ್ಚು, ಆಮೇಲೆ ಏನು

ಪದವಿಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದು ವೃತ್ತಿಗೆ ತಯಾರು ಮಾಡುವುದು: ನೀತಿ ಟಿಪ್ಪಣಿ ಬರೆಯುವುದು, ಬಜೆಟ್ ಓದುವುದು, ಸಂಧಾನದ ಅಭ್ಯಾಸ, ಇಂಟರ್ನ್‌ಶಿಪ್. ಇನ್ನೊಂದು ಸಂಶೋಧನೆಗೆ ತಯಾರು ಮಾಡುವುದು: ಸಿದ್ಧಾಂತ, ವಿಧಾನ, ದೀರ್ಘ ಪ್ರಬಂಧ. ಎರಡನ್ನು ಗೊಂದಲ ಮಾಡಿಕೊಂಡು ಸೇರಿದವರು ಅರ್ಧ ದಾರಿಯಲ್ಲಿ ನಿರಾಶರಾಗುತ್ತಾರೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದು ವರ್ಷ, ಅಮೆರಿಕದಲ್ಲಿ ಎರಡು. ಪಿಎಚ್‌ಡಿಗೆ ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷ, ಅಮೆರಿಕದಲ್ಲಿ ಐದು ಅಥವಾ ಹೆಚ್ಚು. ಒಂದು ವರ್ಷದ ಕೋರ್ಸ್ ಅಗ್ಗವಾಗಿ ಕಂಡರೂ ಅದರಲ್ಲಿ ಭಾಷೆಗೂ ವಿಧಾನಕ್ಕೂ ಸಮಯ ಉಳಿಯುವುದು ಕಷ್ಟ.

ಹಣದ ಬಗ್ಗೆ ನೇರವಾಗಿ ಹೇಳುವುದೇ ಒಳ್ಳೆಯದು. ಅಮೆರಿಕದ ಒಳ್ಳೆಯ ಪಿಎಚ್‌ಡಿ ಕಾರ್ಯಕ್ರಮಗಳು ಶುಲ್ಕ ಬಿಟ್ಟು ಜೀವನಭತ್ಯೆಯನ್ನೂ ಕೊಡುತ್ತವೆ. ಸ್ನಾತಕೋತ್ತರ ಪದವಿಗೆ ಬಹುತೇಕರು ತಾವೇ ಹಣ ಹೂಡಬೇಕು. ಫುಲ್‌ಬ್ರೈಟ್, ಚೀವ್ನಿಂಗ್, ಎರಾಸ್ಮಸ್ ಮುಂಡಸ್‌ನಂಥ ವಿದ್ಯಾರ್ಥಿವೇತನಗಳಿಗೆ ಪೈಪೋಟಿ ಜೋರಾಗಿದೆ. ದೊಡ್ಡ ಹೆಸರಿನ ಸಂಸ್ಥೆಗಾಗಿ ದೊಡ್ಡ ಸಾಲ ಮಾಡುವ ಮುನ್ನ, ಅಲ್ಲಿಂದ ಹೊರಬಂದವರು ಮೊದಲ ವರ್ಷ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ ತಿಳಿಯಬೇಕು. ಅಭಿವೃದ್ಧಿ ನೆರವಿನ ಕ್ಷೇತ್ರದಲ್ಲಿ 2025ರ ನಂತರ ಕೆಲಸಗಳು ಕುಗ್ಗಿವೆ. ವಿಶ್ವವಿದ್ಯಾಲಯದ ಕಾಯಂ ಹುದ್ದೆಗಳು ಎಂದೂ ಹೇರಳವಾಗಿರಲಿಲ್ಲ. ಇನ್ನೊಂದೆಡೆ, ನಿರ್ಬಂಧಗಳ ಪಾಲನೆ ನೋಡಿಕೊಳ್ಳುವ ಬ್ಯಾಂಕ್ ವಿಭಾಗಗಳು, ಪೂರೈಕೆ ಸರಪಳಿಯ ಅಪಾಯ ಅಳೆಯುವ ಕಂಪನಿಗಳು, ಹಡಗು ವಿಮೆ, ಹವಾಮಾನ ಹಣಕಾಸು ಇಂಥ ಕಡೆಗಳಲ್ಲಿ ಈ ಓದಿನ ಅಗತ್ಯ ಹೆಚ್ಚಿದೆ. ಅಲ್ಲಿ ಕೇಳುವುದು ಪದವಿಯ ಹೆಸರಿಗಿಂತ ಹೆಚ್ಚಾಗಿ ಒಂದು ಪ್ರದೇಶದ ಆಳವಾದ ಜ್ಞಾನ ಮತ್ತು ಸ್ಪಷ್ಟವಾಗಿ ಎರಡು ಪುಟ ಬರೆಯುವ ಸಾಮರ್ಥ್ಯ.

ಕ್ಷೇತ್ರಕಾರ್ಯಕ್ಕೆ ಹೋಗುವವರ ಸುರಕ್ಷತೆಯ ಬಗ್ಗೆ ಕೈಪಿಡಿಗಳಲ್ಲಿ ಒಂದೆರಡು ಸಾಲು ಮಾತ್ರ ಇರುತ್ತದೆ. ಕೈರೋದಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಕೇಂಬ್ರಿಜ್‌ನ ಇಟಾಲಿಯನ್ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರನ್ನು 2016ರಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಲಾಯಿತು. ಸಂದರ್ಶನ ಕೊಡುವ ಸ್ಥಳೀಯರಿಗೆ ಇರುವ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸಂಶೋಧಕರು ಊರಿಗೆ ಮರಳಿದ ಮೇಲೂ ಅವರು ಅಲ್ಲಿಯೇ ಇರುತ್ತಾರೆ. ವಿಭಾಗವನ್ನು ಆರಿಸುವಾಗ, ಇಂಥ ವಿಷಯದಲ್ಲಿ ಅವರು ವಿದ್ಯಾರ್ಥಿಗಳ ಬೆನ್ನಿಗೆ ಹೇಗೆ ನಿಲ್ಲುತ್ತಾರೆ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆಯನ್ನು ಕಿರಿದಾಗಿಸುವುದು

ಅರ್ಜಿಯ ಜೊತೆ ಕೊಡುವ ಸಂಶೋಧನಾ ಪ್ರಸ್ತಾಪದಲ್ಲಿ ಬಹಳ ಜನ ಎಡವುವುದು ಪ್ರಶ್ನೆಯ ಅಗಲದಲ್ಲಿ. ‘ಬಹುಧ್ರುವ ಜಗತ್ತಿನಲ್ಲಿ ಆಫ್ರಿಕಾದ ಪಾತ್ರ’ ಎಂಬುದು ಒಂದು ತಲೆಬರಹ, ಪ್ರಶ್ನೆಯಲ್ಲ. ಅದನ್ನು ಪ್ರಶ್ನೆಯಾಗಿಸುವುದು ಹೀಗೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆ ರಷ್ಯಾದ ದಾಳಿಯನ್ನು ಖಂಡಿಸಿ ನಿರ್ಣಯ ಅಂಗೀಕರಿಸಿತು: ಪರವಾಗಿ 141, ವಿರುದ್ಧ 5, ತಟಸ್ಥ 35. ತಟಸ್ಥವಾಗಿ ಉಳಿದವುಗಳಲ್ಲಿ 17 ಆಫ್ರಿಕಾದ ದೇಶಗಳು. ಯುರೋಪಿನ ಹಲವು ಬರಹಗಾರರು ಇದನ್ನೆಲ್ಲ ರಷ್ಯಾದ ಪ್ರಭಾವವೆಂದು ಒಂದೇ ಮಾತಿನಲ್ಲಿ ವಿವರಿಸಿದರು. ಆದರೆ ಒಂದೊಂದು ದೇಶದ ಕಥೆ ಒಂದೊಂದು. ದಕ್ಷಿಣ ಆಫ್ರಿಕಾಕ್ಕೆ ವರ್ಣಭೇದದ ವಿರುದ್ಧದ ಹೋರಾಟದ ಕಾಲದ ಹಳೆಯ ನಂಟಿತ್ತು. ಮಾಲಿಯಲ್ಲಿ ರಷ್ಯಾದ ಬಾಡಿಗೆ ಸೈನಿಕರಿದ್ದರು. ಸೆನೆಗಲ್‌ಗೆ ಈ ಎರಡೂ ಅನ್ವಯಿಸುವುದಿಲ್ಲ, ಆದರೂ ಅದು ತಟಸ್ಥವಾಯಿತು. ಕೆನ್ಯಾ ಪರವಾಗಿ ಮತ ಹಾಕಿತು. ಅದಕ್ಕೂ ಮೊದಲು, ಫೆಬ್ರುವರಿ 21ರಂದು, ಭದ್ರತಾ ಮಂಡಳಿಯಲ್ಲಿ ಕೆನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ, ವಸಾಹತುಶಾಹಿಗಳು ಎಳೆದ ಗಡಿಗಳನ್ನೇ ಆಫ್ರಿಕಾ ಒಪ್ಪಿಕೊಂಡು ಬಾಳುತ್ತಿರುವುದನ್ನು ನೆನಪಿಸಿ ಮಾತಾಡಿದ್ದರು.

ಈಗ ಪ್ರಶ್ನೆ ರೂಪ ತಳೆಯುತ್ತದೆ: ಎರಡು ದೇಶಗಳಲ್ಲೂ ಚುನಾವಣೆ ನಡೆಯುತ್ತದೆ, ಎರಡಕ್ಕೂ ಪಶ್ಚಿಮದೊಂದಿಗೆ ಒಳ್ಳೆಯ ಸಂಬಂಧವಿದೆ, ಹಾಗಿದ್ದೂ ಸೆನೆಗಲ್ ಮತ್ತು ಕೆನ್ಯಾ ಅಂದು ಬೇರೆಬೇರೆಯಾಗಿ ನಡೆದುಕೊಂಡದ್ದೇಕೆ? ಆ ವರ್ಷ ಸೆನೆಗಲ್‌ನ ಅಧ್ಯಕ್ಷರೇ ಆಫ್ರಿಕಾ ಒಕ್ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದರು. ಒಡೆದ ಖಂಡವನ್ನು ಪ್ರತಿನಿಧಿಸಬೇಕಾದ ಹೊಣೆ ಮತವನ್ನು ಬದಲಿಸಿತೇ ಎಂಬುದು ಒಂದು ಊಹೆ. ಕೆನ್ಯಾ ಆಗ ಭದ್ರತಾ ಮಂಡಳಿಯ ಸದಸ್ಯನಾಗಿತ್ತು. ಅದು ಇನ್ನೊಂದು ಊಹೆಗೆ ದಾರಿ. ಎರಡನ್ನೂ ಪರೀಕ್ಷಿಸಲು ಭಾಷಣಗಳ ಪಠ್ಯಗಳಿವೆ, ಮತದ ದಾಖಲೆಗಳಿವೆ, ನಿವೃತ್ತ ರಾಜತಾಂತ್ರಿಕರನ್ನು ಮಾತಾಡಿಸಬಹುದು, ಸೆನೆಗಲ್‌ನ ರಾಜಧಾನಿ ಡಾಕರ್‌ನ ಪತ್ರಿಕೆಗಳಿಗಾಗಿ ಫ್ರೆಂಚ್ ಕಲಿಯಬೇಕು. ಇಂಥ ಪ್ರಸ್ತಾಪವೊಂದನ್ನು ಎರಡು ಪುಟಗಳಲ್ಲಿ ಬರೆದು, ಯಾವ ವಿಭಾಗದಲ್ಲಿ ಪಶ್ಚಿಮ ಆಫ್ರಿಕಾದ ಬಗ್ಗೆ ಅಥವಾ ವಿಶ್ವಸಂಸ್ಥೆಯ ಮತದಾನದ ಬಗ್ಗೆ ಕೆಲಸ ಮಾಡುವ ಮಾರ್ಗದರ್ಶಕರಿದ್ದಾರೆಂದು ನೋಡಿ, ಅರ್ಜಿಯ ಕೊನೆಯ ದಿನಾಂಕಕ್ಕೆ ಕೆಲವು ತಿಂಗಳು ಮೊದಲೇ ಅವರಿಗೆ ಕಳಿಸಬೇಕು. ಉತ್ತರ ಬಂದರೆ ಅದರಲ್ಲಿ ಬಹುಶಃ ಮೂರನೆಯ ಊಹೆಯೊಂದು ಇರುತ್ತದೆ, ಓದಲೇಬೇಕಾದ ನಾಲ್ಕಾರು ಲೇಖನಗಳ ಹೆಸರೂ ಇರುತ್ತವೆ.